ಪುಸ್ತಕ ಇದೆ, ಆದರೆ ಸಿಗುತ್ತಿಲ್ಲ: ಗ್ರಂಥಸೂಚಿಯ ಸಾವಿರ ವರ್ಷ

ಕಪಾಟಿನಲ್ಲಿರುವ ಪುಸ್ತಕ ಗ್ರಂಥಾಲಯದ ಸೂಚಿಯಲ್ಲಿ ಸಿಗದೇ ಹೋದರೆ, ಓದುಗನ ಪಾಲಿಗೆ ಅದು ಇಲ್ಲದ ಪುಸ್ತಕವೇ ಸರಿ. ಹಾಗಾದರೆ ಒಳ್ಳೆಯ ಸೂಚಿ ಯಾವುದು? ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದ್ದೋ, ಹುಡುಕಿಕೊಂಡು ಬಂದವರ ಕೈಗೆ ಪುಸ್ತಕ ತಲುಪಿಸಿದ್ದೋ? ಈ ಪ್ರಶ್ನೆ ಕಂಪ್ಯೂಟರಿನ ಜೊತೆಗೆ ಹುಟ್ಟಿದ್ದಲ್ಲ. ಅದಕ್ಕೆ ಸಾವಿರ ವರ್ಷಗಳ ಇತಿಹಾಸವಿದೆ.

ಹಿಜರಿ 377ರಲ್ಲಿ, ಅಂದರೆ ಕ್ರಿ.ಶ. 987-88ರ ಹೊತ್ತಿಗೆ, ಬಗ್ದಾದಿನ ಇಬ್ನುನ್ನದೀಮ್ ‘ಅಲ್ ಫಿಹ್ರಿಸ್ತ್’ ಎಂಬ ಗ್ರಂಥಸೂಚಿಯನ್ನು ರಚಿಸಿದರು. ಅವರು ವರ್ರಾಕ್ ಆಗಿದ್ದರು. ಪುಸ್ತಕಗಳನ್ನು ನಕಲು ಮಾಡಿಸುವುದು, ಮಾರುವುದು ಅವರ ಕಸುಬು. ತಂದೆಯದೂ ಅದೇ ಕಸುಬು. ಅರಬಿ ಭಾಷೆಯಲ್ಲಿ ಆಗ ದೊರೆಯುತ್ತಿದ್ದ ಗ್ರಂಥಗಳನ್ನು ಅವರು ವಿಷಯವಾರು ಹತ್ತು ಭಾಗಗಳಲ್ಲಿ ಜೋಡಿಸಿದರು. ಕುರ್‌ಆನಿಗೆ ಸಂಬಂಧಿಸಿದ ಕೃತಿಗಳ ಜೊತೆಗೆ ವ್ಯಾಕರಣ, ಇತಿಹಾಸ, ಕಾವ್ಯ, ತತ್ವಶಾಸ್ತ್ರ, ಕತೆಗಳು, ಕೊನೆಗೆ ರಸವಿದ್ಯೆಗೂ ಅಲ್ಲಿ ಜಾಗ ಸಿಕ್ಕಿತು. ಇತರ ಧರ್ಮಗಳ ಕುರಿತೂ ಒಂದು ಭಾಗವಿದೆ. ಅದರಲ್ಲಿ ಭಾರತದ ಪ್ರಸ್ತಾಪವೂ ಬರುತ್ತದೆ.

ಈ ಸೂಚಿಯ ಒಂದು ಸಣ್ಣ ವಿವರ ನಮ್ಮ ಪ್ರಶ್ನೆಗೆ ಉತ್ತರ ಕೊಡುತ್ತದೆ. ಕವಿಗಳ ಭಾಗದಲ್ಲಿ ಇಬ್ನುನ್ನದೀಮ್ ಪ್ರತಿಯೊಬ್ಬರ ಕಾವ್ಯ ಎಷ್ಟು ಹಾಳೆಗಳಷ್ಟಿದೆ ಎಂದು ಬರೆದಿಡುತ್ತಾರೆ. ಹಾಳೆ ಎಂದರೆ ಸುಲೈಮಾನಿ ಹಾಳೆ, ಅದರ ಒಂದೊಂದು ಮಗ್ಗುಲಲ್ಲಿ 20 ಸಾಲು ಎಂದೂ ವಿವರಿಸುತ್ತಾರೆ. ಪುಸ್ತಕಗಳೆಲ್ಲ ಕೈಬರಹದಲ್ಲಿದ್ದ ಕಾಲ ಅದು. ಒಂದು ಕಾವ್ಯದ ಅರ್ಧವನ್ನಷ್ಟೇ ಬರೆದ ಪ್ರತಿಯನ್ನು ಪೂರ್ಣ ಪ್ರತಿಯೆಂದು ಮಾರಿದರೆ ಕೊಳ್ಳುವವನಿಗೆ ತಿಳಿಯುವುದು ಹೇಗೆ? ಹಾಳೆಗಳ ಲೆಕ್ಕ ಕೈಯಲ್ಲಿದ್ದರೆ ತಿಳಿಯುತ್ತದೆ. ಅಂಗಡಿಯಲ್ಲಿ ಕುಳಿತು ಗಿರಾಕಿಗಳ ಪ್ರಶ್ನೆ ಕೇಳಿದವನಿಗೆ ಮಾತ್ರ ಇಂತಹ ವಿವರದ ಬೆಲೆ ಗೊತ್ತಿರುತ್ತದೆ. ಆ ಗ್ರಂಥಗಳಲ್ಲಿ ಹೆಚ್ಚಿನವು ಇಂದು ಉಳಿದಿಲ್ಲ. ಎಷ್ಟೋ ಕೃತಿಗಳು ಇದ್ದವು ಎಂಬುದೇ ನಮಗೆ ಫಿಹ್ರಿಸ್ತಿನಿಂದ ತಿಳಿದಿರುವುದು.

ಸುಮಾರು ಏಳು ಶತಮಾನಗಳ ನಂತರ ಇಸ್ತಾಂಬುಲಿನ ಕಾತಿಬ್ ಚೆಲೆಬಿ (1609-1657) ‘ಕಶ್ಫುಝ್ಝುನೂನ್’ ರಚಿಸಿದರು. ಸುಮಾರು 14,500 ಗ್ರಂಥಗಳು ಅದರಲ್ಲಿ ಶೀರ್ಷಿಕೆಯ ಅಕ್ಷರಾನುಕ್ರಮದಲ್ಲಿವೆ. ವಿಷಯ ಗೊತ್ತಿದ್ದು ಪುಸ್ತಕದ ಹೆಸರು ಗೊತ್ತಿಲ್ಲದವನಿಗೆ ಫಿಹ್ರಿಸ್ತ್ ದಾರಿ ತೋರಿಸಿದರೆ, ಹೆಸರು ಗೊತ್ತಿದ್ದವನಿಗೆ ಕಶ್ಫ್ ನೆರವಾಗುತ್ತದೆ. ಎರಡೂ ಉತ್ತಮ ಸೂಚಿಗಳೇ, ಆದರೆ ಹುಡುಕುವವರು ಬೇರೆ ಬೇರೆ.

ಸೂಚಿ ಯಾರಿಗಾಗಿ ಎಂಬ ಪ್ರಶ್ನೆ ನಮ್ಮ ನಾಡಿನ ಇತಿಹಾಸದಲ್ಲೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಟಿಪ್ಪು ಸುಲ್ತಾನರ ಗ್ರಂಥಾಲಯ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅದರಲ್ಲಿ ಸುಮಾರು 2,000 ಸಂಪುಟಗಳಿದ್ದವು. ಚಾರ್ಲ್ಸ್ ಸ್ಟೀವರ್ಟ್ ಎಂಬ ವಿದ್ವಾಂಸ ಅವುಗಳ ವಿವರಣಾತ್ಮಕ ಸೂಚಿ ತಯಾರಿಸಿ 1809ರಲ್ಲಿ ಕೇಂಬ್ರಿಡ್ಜಿನಲ್ಲಿ ಪ್ರಕಟಿಸಿದರು. ಅದು ಶ್ರಮದ ಕೆಲಸ, ಇತಿಹಾಸಕಾರರಿಗೆ ಇಂದಿಗೂ ಬೇಕಾದದ್ದು. ಆದರೆ ಅದು ಇಂಗ್ಲಿಷಿನಲ್ಲಿತ್ತು, ಯುರೋಪಿನ ವಿದ್ವಾಂಸರಿಗಾಗಿ ಇತ್ತು. ಪುಸ್ತಕಗಳು ಕಲ್ಕತ್ತಾ, ಲಂಡನ್ ಮುಂತಾದೆಡೆಗೆ ಹಂಚಿಹೋದವು. ಮೈಸೂರು ಸೀಮೆಯಲ್ಲಿ ಪಾರ್ಸಿ ಬಲ್ಲ ಓದುಗನಿಗೆ ಪುಸ್ತಕವೂ ಸಿಗಲಿಲ್ಲ, ಸೂಚಿಯೂ ಸಿಗಲಿಲ್ಲ.

ಓದುಗನನ್ನು ಈ ಲೆಕ್ಕದ ಕೇಂದ್ರಕ್ಕೆ ತಂದವರಲ್ಲಿ ಎಸ್.ಆರ್. ರಂಗನಾಥನ್ ಪ್ರಮುಖರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗಾಗಿ, ಓದುಗನ ಸಮಯ ವ್ಯರ್ಥವಾಗಬಾರದು ಎಂಬುದು ಅವುಗಳ ತಿರುಳು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದ ಅವರು 1972ರಲ್ಲಿ ಇದೇ ನಗರದಲ್ಲಿ ನಿಧನರಾದರು.

ಈಗ ಸೂಚಿ ಕಂಪ್ಯೂಟರಿಗೆ ಬಂದಿದೆ. ಆದರೆ ಕನ್ನಡದ ಓದುಗ ಏನನ್ನು ಟೈಪ್ ಮಾಡುತ್ತಾನೆ ಎಂದು ಯೋಚಿಸಬೇಕು. ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ - ಒಂದೇ ಹೆಸರು ಇಲ್ಲಿ ಎರಡು ರೀತಿಯ ಕಾಗುಣಿತದಲ್ಲಿದೆ. ಒಬ್ಬರ ಊರು ಹೆಸರಿನ ಮೊದಲಿಗೆ ಬಂದರೆ ಇನ್ನೊಬ್ಬರದು ಕೊನೆಗೆ. ಮಹಮ್ಮದ್, ಮೊಹಮ್ಮದ್ ಎಂದು ಹುಡುಕುವವರೂ ಇದ್ದಾರೆ. ಒಂದು ಅಕ್ಷರ ಬದಲಾದರೆ ಕಂಪ್ಯೂಟರ್ ‘ಇಲ್ಲ’ ಎಂದುಬಿಡಬಹುದು. 2025ರಲ್ಲಿ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅದರ ಕನ್ನಡ ಮೂಲ ಕೊಡಿ ಎಂದು ಬರುವ ಓದುಗನಿಗೆ ಗೊತ್ತಿರುವುದು ಇಂಗ್ಲಿಷ್ ಹೆಸರು ಮಾತ್ರ. ಆ ಕತೆಗಳಾದರೋ ಬೇರೆ ಬೇರೆ ಕನ್ನಡ ಸಂಕಲನಗಳಿಂದ ಆಯ್ದವು. ಇವೆರಡನ್ನು ಜೋಡಿಸುವ ಒಂದು ಸಾಲು ಸೂಚಿಯಲ್ಲಿ ಇಲ್ಲದಿದ್ದರೆ ಅವನು ಬರಿಗೈಯಲ್ಲಿ ಮರಳುತ್ತಾನೆ.

ಹಾಗೆಂದು ನಿಯಮಗಳು ಬೇಡ ಎನ್ನಲಾಗದು. ಹೆಸರಿನ ಒಂದು ರೂಪವನ್ನು ನಿಗದಿಪಡಿಸಿ, ಉಳಿದ ರೂಪಗಳಲ್ಲಿ ಹುಡುಕಿದವರನ್ನೂ ಅಲ್ಲಿಗೇ ತಲುಪಿಸಲು ಶಿಸ್ತು ಬೇಕು, ಭಾಷೆ ಬಲ್ಲ ಸಿಬ್ಬಂದಿ ಬೇಕು. ಅಲ್ಪವಿರಾಮ, ಪೂರ್ಣವಿರಾಮಗಳ ಜಾಗ ಸರಿಯಿದೆಯೇ ಎಂದು ನೋಡುವುದರಲ್ಲೇ ಶ್ರಮವೆಲ್ಲ ಮುಗಿದುಹೋಗಬಾರದು, ಅಷ್ಟೇ. ಸಮುದಾಯವೊಂದರ ಬರಹಗಳು ಸೂಚಿಯಲ್ಲಿ ಸಿಗದೇ ಹೋದರೆ, ಅವರು ಏನನ್ನೂ ಬರೆದಿಲ್ಲವೆಂದೇ ನಾಳಿನವರು ತಿಳಿದಾರು. ಬಗ್ದಾದಿನ ಆ ಪುಸ್ತಕ ವ್ಯಾಪಾರಿ ಗಿರಾಕಿಯ ಅಗತ್ಯ ಅರಿತು ಹಾಳೆಗಳನ್ನು ಎಣಿಸಿದ. ನಮ್ಮ ಗ್ರಂಥಾಲಯಗಳೂ ಮೊದಲು ಓದುಗನ ಪ್ರಶ್ನೆಗೆ ಕಿವಿಗೊಡಲಿ.