ಸಗಣಿಯ ಲೆಕ್ಕ, ಹುಲ್ಲಿನ ಲೆಕ್ಕ

ಮುಂಬಯಿಯ ಮಾಟುಂಗ ಎಂದೊಡನೆ ನಮ್ಮವರಿಗೆ ನೆನಪಾಗುವುದು ಮೈಸೂರು ಅಸೋಸಿಯೇಶನ್, ಫಿಲ್ಟರ್ ಕಾಫಿ. ಅದೇ ಮಾಟುಂಗದ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ 1897ರಲ್ಲಿ ಮಲಿನ ತೊಟ್ಟಿಯಿಂದ ಏಳುವ ಅನಿಲವನ್ನು ಹಿಡಿದು ಎಂಜಿನ್ ನಡೆಸಲು ಬಳಸಿದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಊರು ಹೊರಗಿಟ್ಟ ಜನರ ನೆಲೆಯಲ್ಲಿಯೇ, ಊರು ಹೊರಚೆಲ್ಲುವ ವಸ್ತುವಿಗೆ ಬೆಲೆ ಬಂದದ್ದು ಗಮನಾರ್ಹ.

ಸಗಣಿಯತ್ತ ವಿಜ್ಞಾನದ ದೃಷ್ಟಿ ಹರಿದದ್ದು 1930ರ ದಶಕದ ಕೊನೆಯಲ್ಲಿ, ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿಯವರು ನಡೆಸಿದ ಪ್ರಯೋಗಗಳಿಂದ. 1950ರ ದಶಕದಲ್ಲಿ ಜಶಭಾಯಿ ಪಟೇಲರು ತೇಲುವ ಡ್ರಮ್ಮಿನ ಸ್ಥಾವರವನ್ನು ರೂಪಿಸಿದರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಮುಂದೆ ಅದನ್ನು ಹಳ್ಳಿಗಳಿಗೆ ಒಯ್ದಿತು. ಗಾಳಿಯಾಡದ ಗುಂಡಿಯಲ್ಲಿ ಸೂಕ್ಷ್ಮಜೀವಿಗಳು ಸಗಣಿಯನ್ನು ಕೊಳೆಸಿ ಮೀಥೇನ್ ಹುಟ್ಟಿಸುತ್ತವೆ. ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ. ಬೆರಣಿ ತಟ್ಟಿ ಉರಿಸಿದರೆ ಒಲೆಗೆ ಮಾತ್ರ; ಗುಂಡಿಗೆ ಹಾಕಿದರೆ ಒಲೆಗೂ ಹೊಲಕ್ಕೂ.

ಆದರೆ ಎರಡು ಘನಮೀಟರ್ ಅನಿಲಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಅಂದರೆ ಕೊಟ್ಟಿಗೆಯಲ್ಲಿ ನಾಲ್ಕೈದು ದನಗಳಿರಬೇಕು. ದನವಿಲ್ಲದ ಕೂಲಿಯವನ ಹೆಂಡತಿ ಹೊಗೆಯ ಒಲೆ ಊದುತ್ತಲೇ ಉಳಿದಳು.

ಈ ಅಸಮತೆಗೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರೂ 1974ರಲ್ಲಿ ಅಲ್ಲಿ ಆರಂಭವಾದ ‘ಅಸ್ತ್ರ’ದ ಸಂಗಡಿಗರೂ ಪ್ರಮುಖರು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಇಡೀ ಊರಿಗೊಂದು ಸ್ಥಾವರ ಕಟ್ಟಿ ಮನೆಮನೆಗೂ ಅಡುಗೆ ಅನಿಲ ಕೊಡುವುದು ಅವರ ಮೊದಲ ಯೋಜನೆ. ಅದು ಕೈಗೂಡಲಿಲ್ಲ, ಊರಿನ ಸಗಣಿಯೆಲ್ಲ ಸೇರಿದರೂ ಎಲ್ಲರ ಅಡುಗೆಗೆ ಸಾಲದಾಯಿತು. ಊರವರಿಗೆ ಹೆಚ್ಚು ಬೇಕಾಗಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲ ಡೀಸೆಲ್‌ನೊಂದಿಗೆ ಎಂಜಿನ್ ನಡೆಸಿ ನಲ್ಲಿಗೆ ನೀರನ್ನೂ ಮನೆಗೆ ದೀಪವನ್ನೂ ತಂದಿತು. ಸಗಣಿ ತಂದವರಿಗೆ ಕಿಲೋಗೆ ಎರಡು ಪೈಸೆ ಸಂದಿತು. ಬಗ್ಗಡವೂ ಮರಳಿ ದೊರೆಯಿತು. ತಮ್ಮ ಲೆಕ್ಕ ತಪ್ಪಿದಾಗ ಊರಿನ ಮಾತು ಕೇಳಿದ ವಿಜ್ಞಾನಿಗಳ ಈ ವಿನಯ, ಸ್ಥಾವರಕ್ಕಿಂತ ದೊಡ್ಡ ಸಾಧನೆಯೆಂದು ನನಗನಿಸುತ್ತದೆ.

ಸಗಣಿ ಸಾಲದಿದ್ದರೆ ಹುಲ್ಲು, ಎಲೆ, ಕಡ್ಡಿ ಹಾಕಬಾರದೇಕೆ? ಪ್ರಶ್ನೆ ಸರಳ, ಗುಂಡಿಯ ಸ್ವಭಾವ ಸರಳವಲ್ಲ. ಹುಲ್ಲು ಮೇಲೆ ತೇಲಿ ಕೆನೆಗಟ್ಟುತ್ತದೆ. ಅದರ ನಾರು ಬೇಗ ಕರಗದು. ಹುಲ್ಲಿನಲ್ಲಿ ಇಂಗಾಲ ವಿಪರೀತ, ಸಾರಜನಕ ಅತ್ಯಲ್ಪ. ಇಂಗಾಲವು ಸಾರಜನಕದ 20ರಿಂದ 30 ಪಟ್ಟು ಇದ್ದಾಗ ಸೂಕ್ಷ್ಮಜೀವಿಗಳಿಗೆ ಹಿತ. ಆದ್ದರಿಂದ ಕತ್ತರಿಸಿದ ಹುಲ್ಲನ್ನು ಸಗಣಿಯೊಡನೆ ಬೆರೆಸುವುದು ಜಾಣತನ. ಸಗಣಿ ಜೀವಾಣುಗಳನ್ನೂ ಸಾರಜನಕವನ್ನೂ ಒದಗಿಸುತ್ತದೆ, ಹುಲ್ಲು ಇಂಧನದ ಮೊತ್ತ ಹೆಚ್ಚಿಸುತ್ತದೆ. ‘ಅಸ್ತ್ರ’ದವರೇ ಮುಂದೆ ಎಲೆ, ಕೃಷಿ ತ್ಯಾಜ್ಯಗಳಿಗೆ ಒಗ್ಗುವ ಸ್ಥಾವರಗಳ ಮೇಲೆ ಕೆಲಸ ಮಾಡಿದರು.

ವರ್ಗವಾಗಿ ದೆಹಲಿಗೆ ಬಂದ ಮೇಲೆ ಈ ಚರಿತ್ರೆ ನನಗೆ ಪುಸ್ತಕದ ವಿಷಯವಾಗಿ ಉಳಿದಿಲ್ಲ. ಪ್ರತಿ ಕಾರ್ತಿಕದಲ್ಲೂ ಪಂಜಾಬ್, ಹರಿಯಾಣಗಳ ಭತ್ತದ ಕೂಳೆ ಸುಟ್ಟ ಹೊಗೆ ನಗರದ ಹೊಗೆಯೊಡನೆ ಕೂಡಿ ನಮ್ಮ ಕಿಟಕಿಗೆ ಬರುತ್ತದೆ. ಸರ್ಕಾರ 2018ರಲ್ಲಿ ಗೋಬರ್‌ಧನ್ ಹಾಗೂ ಸತತ್ ಯೋಜನೆಗಳನ್ನು ಆರಂಭಿಸಿದೆ. ಹುಲ್ಲಿನಿಂದ ವಾಹನದ ಅನಿಲ ಪಡೆಯುವ ದೊಡ್ಡ ಸ್ಥಾವರಗಳು ಬರುತ್ತಿವೆ. ಒಳ್ಳೆಯದೇ. ಆದರೆ ಆ ಹುಲ್ಲಿಗೆ ರೈತನಿಗೆ ಸಲ್ಲುವುದೆಷ್ಟು, ಬಗ್ಗಡ ಯಾರ ಹೊಲಕ್ಕೆ ಮರಳುತ್ತದೆ ಎಂಬುದನ್ನು ಕಟ್ಟುವ ಮೊದಲೇ ಕೇಳಬೇಕು. ಪುರದಲ್ಲಿ ಆ ಲೆಕ್ಕ ಸ್ಪಷ್ಟವಾಗಿತ್ತು.