ಚೌಕಾಬಾರ
ಚೌಕಾಬಾರ ಕರ್ನಾಟಕದ ಸಾಂಪ್ರದಾಯಿಕ ಮಣೆಯಾಟಗಳಲ್ಲೊಂದು. ಕಾಯಿಗಳನ್ನು ಗುರಿ ಮುಟ್ಟಿಸುವ ಈ ಓಟದ ಆಟಕ್ಕೆ ಕಟ್ಟೆಮನೆ ಎಂಬ ಹೆಸರೂ ಇದೆ. ತೆಲುಗಿನಲ್ಲಿ ಇದನ್ನು ಅಷ್ಟಾಚೆಮ್ಮ ಎನ್ನುತ್ತಾರೆ.

ಆಟದ ಮಣೆ
ನೆಲದ ಮೇಲೆ ಸೀಮೆಸುಣ್ಣದಿಂದ 5×5ರಂತೆ 25 ಮನೆಗಳನ್ನು ಬರೆಯಲಾಗುತ್ತದೆ. ನಾಲ್ಕು ಬದಿಗಳ ನಡುವಿನ ಮನೆಗಳು ಹಾಗೂ ಮಧ್ಯದ ಮನೆಗೆ ಅಡ್ಡಗೆರೆಗಳ ಗುರುತಿರುತ್ತದೆ. ಇವು ಕಟ್ಟೆಗಳು, ಇಲ್ಲಿರುವ ಕಾಯಿಯನ್ನು ಎದುರಾಳಿ ಹೊಡೆಯುವಂತಿಲ್ಲ.

ಆಡುವ ಕ್ರಮ
ಇಬ್ಬರಿಂದ ನಾಲ್ವರು ಆಡಬಹುದು. ಪ್ರತಿಯೊಬ್ಬರಿಗೂ 4 ಕಾಯಿಗಳಿರುತ್ತವೆ. ನಾಲ್ಕು ಕವಡೆಗಳನ್ನು ಎಸೆದಾಗ ಬಾಯಿ ಮೇಲಾಗಿ ಬಿದ್ದವುಗಳ ಸಂಖ್ಯೆಯೇ ಗರ. ನಾಲ್ಕೂ ಮೇಲಾದರೆ 4 (ಚೌಕ), ನಾಲ್ಕೂ ಕವುಚಿ ಬಿದ್ದರೆ 8 (ಬಾರ). ಇವೆರಡಕ್ಕೂ ಮತ್ತೊಮ್ಮೆ ಎಸೆಯುವ ಅವಕಾಶವಿದೆ. ಕಾಯಿಗಳು ಹೊರಸುತ್ತಿನಲ್ಲಿ ಅಪ್ರದಕ್ಷಿಣವಾಗಿಯೂ ಒಳಸುತ್ತಿನಲ್ಲಿ ಪ್ರದಕ್ಷಿಣವಾಗಿಯೂ ಸಾಗುತ್ತವೆ. ಪೆಟ್ಟು ತಿಂದ ಕಾಯಿ ಮೊದಲಿನಿಂದ ಹೊರಡಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ನಿಯಮ ಸಾಮಾನ್ಯವಾಗಿದೆ. ಆದ್ದರಿಂದ ಕಟ್ಟೆಗಳಲ್ಲೇ ಅಡಗಿ ಸಾಗುವವನು ಗೆಲ್ಲಲಾರ. ಅದೃಷ್ಟದೊಡನೆ ಲೆಕ್ಕಾಚಾರವೂ ಬೇಕು. ನಡುಮನೆ ಸೇರಿದ ಕಾಯಿ ‘ಹಣ್ಣಾಯಿತು’ ಎನ್ನುತ್ತಾರೆ. ನಾಲ್ಕನ್ನೂ ಮೊದಲು ಹಣ್ಣು ಮಾಡಿದವರು ವಿಜೇತರು.

ಹಿನ್ನೆಲೆ
ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳ ಪೋಷಕರಾಗಿದ್ದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಭಾಗದಲ್ಲಿ ಮಣೆಯಾಟಗಳ ವಿವರಗಳಿವೆ.