ಕರಾವಳಿಯ ಶಿಲೆಗಳೂ ಅನುಮಾನಪ್ರಮಾಣವೂ

ಯಡ್ತರೆ, ಬೈಂದೂರು ಪ್ರಾಂತದ ನೆಲವು ಕಿರಿದಾದೊಂದು ಪಟ್ಟಿ. ಪಡುವಲಲ್ಲಿ ಅರಬ್ಬೀ ಸಮುದ್ರ. ಮೂಡಲಲ್ಲಿ 1343 ಮೀಟರು ಎತ್ತರದ ಕೊಡಚಾದ್ರಿಯನ್ನು ಶಿಖರವಾಗಿ ಧರಿಸಿದ ಸಹ್ಯಾದ್ರಿ. ಇವೆರಡರ ನಡುವೆ ನಮ್ಮ ಗದ್ದೆ, ತೋಟ, ದೇವಾಲಯಗಳು. ಈ ನೆಲವು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಹಿರಿಯರು ಕೊಟ್ಟ ಉತ್ತರವು ಎಲ್ಲರಿಗೂ ತಿಳಿದುದೇ. ಭೂಮಿಯನ್ನೆಲ್ಲ ಕಶ್ಯಪರಿಗೆ ದಾನವಿತ್ತ ಪರಶುರಾಮನು ತನಗೆ ನಿಲ್ಲಲು ನೆಲೆಯಿಲ್ಲದೆ ಸಮುದ್ರರಾಜನನ್ನು ಹಿಂದೆ ಸರಿಸಿ ಈ ಕ್ಷೇತ್ರವನ್ನು ಪಡೆದನೆಂದು ಸಹ್ಯಾದ್ರಿಖಂಡವೂ ಜನರ ಐತಿಹ್ಯವೂ ಹೇಳುತ್ತವೆ.

ಈ ಕಥೆಯ ವಿಷಯದಲ್ಲಿ ಈಗ ಎರಡು ಪಕ್ಷಗಳು ಕಾಣುತ್ತಿವೆ. ಭೂವಿಜ್ಞಾನವು ಇಂದು ಹೇಳುವುದನ್ನೇ ಪುರಾಣವು ಅಂದೇ ಹೇಳಿತ್ತೆಂದು ಒಂದು ಪಕ್ಷ. ಪುರಾಣವು ಅಜ್ಞರ ಕಟ್ಟುಕಥೆಯೆಂದು ಇನ್ನೊಂದು. ಎರಡಕ್ಕೂ ನಮ್ಮ ತರ್ಕಶಾಸ್ತ್ರದಲ್ಲಿ ಆಧಾರವಿಲ್ಲ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ನಾಲ್ಕು ಪ್ರಮಾಣಗಳನ್ನು ಒಪ್ಪಿದರು. ಯಾವ ವಿಷಯಕ್ಕೆ ಯಾವುದು ಸಲ್ಲುವುದೆಂದು ವಿವೇಚಿಸುವುದೇ ಪಾಂಡಿತ್ಯದ ಮೊದಲ ಮೆಟ್ಟಿಲು. ಶಿಲೆಗಳ ಹುಟ್ಟು ಯಾರೂ ಕಾಣದ ಕಾಲದಲ್ಲಿ ನಡೆದ ಸಂಗತಿಯಾದುದರಿಂದ ಅಲ್ಲಿ ಅನುಮಾನವೇ ಗತಿ.

ಅನುಮಾನಕ್ಕೆ ಪಾಠಶಾಲೆಗಳಲ್ಲಿ ಹೇಳುವ ಮೊದಲ ಉದಾಹರಣೆ ಬೆಟ್ಟದ ಹೊಗೆ. ಹೊಗೆಯು ಲಿಂಗ, ಎಂದರೆ ಗುರುತು. ಅದರಿಂದ ಕಾಣದ ಬೆಂಕಿಯನ್ನು ತಿಳಿಯುತ್ತೇವೆ. ಹೊಗೆಯಿದ್ದೆಡೆ ಬೆಂಕಿಯುಂಟೆಂಬ ನಿಯಮವನ್ನು ಮೊದಲೇ ಅಡುಗೆಮನೆಯಲ್ಲಿ ಕಂಡುಕೊಂಡಿರುತ್ತೇವೆ. ಕೋಟ್ಯಂತರ ವರ್ಷಗಳ ಹಿಂದೆ ಆರಿಹೋದ ಬೆಂಕಿಗೂ ಇಂತಹ ಗುರುತುಂಟೆ? ಉಂಟು, ಅದು ನಮ್ಮ ಜಿಲ್ಲೆಯಲ್ಲಿಯೇ ಇದೆ.

ಆದರೆ ಎಲ್ಲ ಕಲ್ಲೂ ಈ ಬೆಂಕಿಗೆ ಗುರುತಾಗದು. ನಮ್ಮ ಮನೆಗೋಡೆಗಳ ಮುರಕಲ್ಲು ಬೇರೆ ಜಾತಿಯದು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಅವನ ಗ್ರಂಥವು 1807ರಲ್ಲಿ ಪ್ರಕಟವಾಯಿತು. ಅದು ಮಳೆ ಬಿಸಿಲುಗಳು ಹಳೆಯ ಶಿಲೆಯನ್ನು ಮೇಲಿನಿಂದ ಶಿಥಿಲಗೊಳಿಸಿ ಮಾಡಿದ ಕಲ್ಲು. ಭೂಗರ್ಭದ ಬೆಂಕಿಯ ಗುರುತನ್ನು ನೋಡಬೇಕೆನ್ನುವವರು ಕರಾವಳಿಯನ್ನು ಹಿಡಿದು ತೆಂಕಲಾಗಿ ಹೋಗಬೇಕು.

ಮಲ್ಪೆಯ ಎದುರಿಗೆ ಕಡಲಲ್ಲಿ ಸೈಂಟ್ ಮೇರಿ ದ್ವೀಪಗಳಿವೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಹೆಸರಿಟ್ಟನೆಂಬ ಪ್ರತೀತಿಯುಂಟು. ಅಲ್ಲಿಯ ಶಿಲೆಗಳು ಐದು, ಆರು, ಏಳು ಮುಖಗಳ ಕಂಬಗಳಾಗಿ, ಶಿಲ್ಪಿಯೊಬ್ಬನು ಕಡೆದು ಜೋಡಿಸಿದಂತೆ ನಿಂತಿರುವುವು. ಕೆರೆಯ ಕೆಸರು ಒಣಗಿ ಕುಗ್ಗುವಾಗ ಬಹುಮುಖಗಳಾಗಿ ಬಿರಿಯುವಂತೆ, ಕಾದು ಕರಗಿದ ಶಿಲಾರಸವೂ ತಣಿದು ಕುಗ್ಗುವಾಗ ಬಿರಿಯುತ್ತದೆ. ಬಿರುಕು ಒಳಗೆ ಇಳಿದಂತೆ ಕಂಬವಾಗುತ್ತದೆ. ಶಿಲಾರಸವು ಹೀಗೆ ತಣಿದು ಬಿರಿಯುವುದನ್ನು ಹವಾಯಿ ದ್ವೀಪದ ಕಿಲಾವೆಯ ಅಗ್ನಿಪರ್ವತದಲ್ಲಿ ವಿದ್ವಾಂಸರು ಕಣ್ಣಾರೆ ಕಂಡಿದ್ದಾರೆ. ಅದೇ ಈ ಅನುಮಾನಕ್ಕೆ ಅಡುಗೆಮನೆ. ಶಿಲೆಯಲ್ಲಿರುವ ಪೊಟಾಸಿಯಮ್ಮಿನ ಒಂದಂಶವು ನಿಯತವಾದ ವೇಗದಿಂದ ಆರ್ಗಾನ್ ಅನಿಲವಾಗುವುದನ್ನು ಅಳೆಯುವುದೇ ಮೊದಲಾದ ಕ್ರಮಗಳಿಂದ ಆ ಬೆಂಕಿಯ ಕಾಲವು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆಂದು ಗಣಿಸಿದ್ದಾರೆ.

ಇನ್ನೊಂದು ಸಾಕ್ಷ್ಯವು ಕಡಲಾಚೆಗಿದೆ. ಆಫ್ರಿಕದ ಬಳಿಯ ಮಡಗಾಸ್ಕರ್ ದ್ವೀಪದಲ್ಲಿಯೂ ಅದೇ ಕಾಲದ ಅಗ್ನಿಶಿಲೆಗಳಿವೆ. ಅದರ ಮೂಡಣ ತೀರವೂ ನಮ್ಮ ಪಡುವಣ ತೀರವೂ ಒಂದೇ ವಸ್ತ್ರವನ್ನು ಹರಿದ ಎರಡು ಅಂಚುಗಳಂತೆ ಹೊಂದುತ್ತವೆ. ಒಂದಾಗಿದ್ದ ನೆಲವು ಇಲ್ಲಿ ಸೀಳಿತು. ಸೀಳಿನಲ್ಲಿ ಶಿಲಾರಸ ಉಕ್ಕಿತು. ಬಳಿಕ ಅಲ್ಲಿ ಸಮುದ್ರ ತುಂಬಿತು. ಆ ಸೀಳಿನ ಅಂಚೇ ಎತ್ತರವಾಗಿ ಉಳಿದು, ಮಳೆ ಹೊಳೆಗಳಿಂದ ಸವೆದು ಮೂಡಲಿಗೆ ಸರಿದು ಇಂದಿನ ಸಹ್ಯಾದ್ರಿಯಾಗಿದೆಯೆಂದು ಭೂವಿಜ್ಞಾನಿಗಳ ಮತ. ಪಶ್ಚಿಮ ಸಮುದ್ರದ ಸಮೀಪದಲ್ಲಿಯೇ ಹುಟ್ಟಿದ ತುಂಗಾ, ಭದ್ರೆಯರು ಅದಕ್ಕೆ ಬೆನ್ನುಮಾಡಿ, ಕೃಷ್ಣೆಯನ್ನು ಕೂಡಿ ದೂರದ ಪೂರ್ವಸಮುದ್ರವನ್ನು ಸೇರುವುದು ನೆಲದ ಈ ಓರೆಯಿಂದಲೇ.

ನೆಲವೆಂಬುದು ಚಲಿಸುವುದುಂಟೆ ಎಂದು ಶಂಕಿಸಬಹುದು. 1819ನೆಯ ಜೂನ್ 16ರಂದು ಕಚ್ಛದ ಭೂಕಂಪದಲ್ಲಿ ನೆಲವು ಬಹುದೂರ ದಿಬ್ಬವಾಗಿ ಮೇಲೆದ್ದುದನ್ನೂ, ಸಿಂಧ್ರಿಯ ಕೋಟೆಯ ಸುತ್ತಲ ಪ್ರದೇಶವು ಕುಸಿದು ನೀರಿನಲ್ಲಿ ಮುಳುಗಿದುದನ್ನೂ ಜನರು ಕಂಡರು. ಆ ದಿಬ್ಬವನ್ನು ಅಲ್ಲಾಬಂದ್ ಎಂದು ಕರೆದರು. ಖಂಡಗಳೇ ಚಲಿಸುವುವೆಂದು 1912ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವೇಗನರನು ಹೇಳಿದಾಗ, ಅವನ್ನು ನೂಕುವ ಶಕ್ತಿ ಯಾವುದೆಂದು ಕೇಳಿ ಅನೇಕರು ತಿರಸ್ಕರಿಸಿದರು. ಭೂಗರ್ಭದಲ್ಲಿ ಯುರೇನಿಯಂ, ಥೋರಿಯಂ, ಪೊಟಾಸಿಯಂಗಳ ಕ್ಷಯದಿಂದ ಶಾಖ ಹುಟ್ಟುವುದೆಂದೂ, ಆ ಶಾಖದಿಂದ ಒಳಗಿನ ಶಿಲೆಯು ಘನವಾಗಿದ್ದರೂ ಬಹು ನಿಧಾನವಾಗಿ ಕುದಿಯುವ ಅಂಬಲಿಯಂತೆ ಮೇಲಕ್ಕೂ ಕೆಳಕ್ಕೂ ಹರಿಯುವುದೆಂದೂ ಇಂಗ್ಲೆಂಡಿನ ಆರ್ಥರ್ ಹೋಮ್ಸನು 1920ರ ದಶಕದ ಕೊನೆಯಲ್ಲಿ ಸೂಚಿಸಿದನು. 1960ರ ದಶಕದಲ್ಲಿ ಸಾಗರತಳದ ಪರೀಕ್ಷೆಯಿಂದ ಖಂಡಗಳ ಚಲನೆ ಸ್ಥಿರಪಟ್ಟಿತು. ಇಂದಿಗೂ ನಮ್ಮ ನೆಲವು ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಬಡಗಲಾಗಿ ಸರಿಯುತ್ತಿದೆ.

ಈಗ ಮೊದಲಿನ ಎರಡು ಪಕ್ಷಗಳನ್ನು ಪರಿಶೀಲಿಸೋಣ. ಕಥೆಯಲ್ಲಿ ಕಡಲು ಮೊದಲು, ನೆಲ ಬಳಿಕ. ಶಿಲೆಗಳ ಸಾಕ್ಷ್ಯದಲ್ಲಿ ನೆಲ ಮೊದಲು, ಕಡಲು ಬಳಿಕ. ಮರವಂತೆಯಂತಹ ಮರಳಿನ ತೀರವನ್ನು ಕಡಲೂ ಹೊಳೆಯೂ ಈಚೆಗೆ ಕಟ್ಟಿಕೊಟ್ಟಿರುವುದು ನಿಜ. ಆದರೆ ಆ ಮರಳಿನಡಿಯ ಶಿಲೆಯು ಕಡಲಿಗಿಂತ ಎಷ್ಟೋ ಹಿರಿದು. ಆದುದರಿಂದ ಎರಡೂ ಒಂದೇ ಎಂದು ಎಳೆದು ಹೊಂದಿಸುವವರು ಪುರಾಣವನ್ನೂ ಸರಿಯಾಗಿ ಓದಿದವರಲ್ಲ, ಶಿಲೆಯನ್ನೂ ನೋಡಿದವರಲ್ಲ. ಪುರಾಣವನ್ನು ಹಳಿಯುವವರಾದರೋ ಅದು ಹೇಳಹೊರಟ ಮಾತನ್ನೇ ಕೇಳಲಿಲ್ಲ. ಎಲ್ಲವನ್ನೂ ಕೊಟ್ಟವನಿಗೆ ನಿಲ್ಲಲು ಒಂದಿಷ್ಟು ನೆಲ ಬೇಕೆಂಬುದು, ಆ ನೆಲವೂ ಬೇಡಿ ಪಡೆದುದೆಂಬುದು ಧರ್ಮದ ವಿಚಾರ. ಕಲ್ಲಿನ ವಯಸ್ಸನ್ನು ಅದು ಹೇಳಹೊರಟಿಲ್ಲ. ಮಕ್ಕಳಿಗೆ ಎರಡನ್ನೂ ಹೇಳಬೇಕು, ಎರಡನ್ನೂ ಬೆರಸದೆ ಹೇಳಬೇಕು.

ಮಲ್ಪೆಯ ದ್ವೀಪಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಸ್ಮಾರಕವಾಗಿ ಗುರುತಿಸಿದೆ. ವಿಹಾರಕ್ಕೆ ಹೋಗುವವರು ಆ ಕಂಬಗಳನ್ನು ಒಡೆಯದೆ, ಅವುಗಳ ಮೇಲೆ ಹೆಸರು ಕೆತ್ತದೆ ಹಿಂದಿರುಗಲಿ. ಬೆಂಕಿ ಆರಿ ಎಂಟು ಕೋಟಿ ವರ್ಷಗಳು ಕಳೆದಿವೆ, ಉಳಿದಿರುವುದು ಗುರುತೊಂದೇ. ಲಿಂಗವೇ ಅಳಿದ ಬಳಿಕ ಮುಂದಿನವರು ಯಾವುದರಿಂದ ಅನುಮಾನಿಸಬೇಕು?